ಮಾವನ ಬರಿದಲೆ

ನಮ್ಮ ಕಡೆ ವಯಸ್ಸಾದ ಗಂಡಸು ತಲೆಗೆ ಏನೂ ಸುತ್ತದೆ ಹೊರಗೆ ಬಂದರೆ ಕಂಡವರು ಮೊದಲು ಕೇಳುವ ಮಾತು ಒಂದೇ, ಯಾರು ತೀರಿಕೊಂಡರು ಎಂದು. ಮನೆಯಲ್ಲಿ ಸಾವಾದಾಗ ಗಂಡಸರು ರುಮಾಲು ಬಿಚ್ಚಿಡುತ್ತಾರೆ. ಸೂತಕ ಕಳೆಯುವ ದಿನಕಾರ್ಯದ ದಿವಸ ಹೆಣ್ಣು ಕೊಟ್ಟ ಮನೆಯವರು ಹೊಸ ಬಿಳಿ ರುಮಾಲು ತಂದು ಸುತ್ತುತ್ತಾರೆ. ದುಃಖ ಅಲ್ಲಿಗೆ ಮುಗಿಯಿತು, ಇನ್ನು ಉಣ್ಣು, ಹೊಲಕ್ಕೆ ಹೋಗು, ನಗು ಎಂದು ಅದರ ಅರ್ಥ. ಈಗಿನ ಹುಡುಗರಿಗೆ ಇದೆಲ್ಲ ಗೊತ್ತಿಲ್ಲ. ಅವರ ತಲೆ ಯಾವಾಗಲೂ ಬರಿದೇ ಇರುತ್ತದೆ, ಒಳಗೂ ಹೊರಗೂ ಎಂದು ಅಪ್ಪ ಬೈಯುತ್ತಿದ್ದ. ಅಪ್ಪನನ್ನಾಗಲಿ ಮಾವನನ್ನಾಗಲಿ ಬಚ್ಚಲಮನೆಯ ಹೊರಗೆ ಬರಿದಲೆಯಲ್ಲಿ ಕಂಡದ್ದು ನನಗೆ ನೆನಪಿರಲಿಲ್ಲ.

ಮಾವ ಎಂದರೆ ಅವ್ವನ ಅಣ್ಣ. ಅವನದು ಹುಣಸಗಿ ಕಡೆ ಕಾಲುವೆ ನೀರಿನ ಹೊಲ, ನಮ್ಮದು ಕೆಂಭಾವಿ ಹತ್ತಿರದ ಹಳ್ಳಿ. ನಮ್ಮ ಅಕ್ಕನನ್ನು ಅವನ ಮಗನಿಗೇ ಕೊಟ್ಟಿದ್ದರಿಂದ ಅಪ್ಪನಿಗೆ ಅವನು ಬೀಗನೂ ಆಗಿದ್ದ. ಇಬ್ಬರೂ ಎತ್ತರದ ಆಳುಗಳು, ಇಬ್ಬರದೂ ದೊಡ್ಡ ಗಂಟಲು, ಮೂಗಿನ ತುದಿಯಲ್ಲೇ ಸಿಟ್ಟು. ಚಿಕ್ಕವರಿದ್ದಾಗ ಅವರು ಮಾತಾಡುವುದನ್ನು ಕೇಳಿದರೆ ಜಗಳ ಹತ್ತಿದೆ ಎಂದುಕೊಳ್ಳುತ್ತಿದ್ದೆವು. ನಿಜವಾಗಿ ಜಗಳ ಹತ್ತಿದಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಅದು ಹತ್ತಿದ್ದು ತಮ್ಮನ ಮದುವೆಯಲ್ಲಿ, ರಂಗಂಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮಲ್ಲಿ ಅಕ್ಷತೆ ಬಿದ್ದ ಮೇಲೆ ಆಯೇರಿ ಮಾಡುತ್ತಾರೆ. ಮೈಕಿನಲ್ಲಿ ಒಬ್ಬೊಬ್ಬರನ್ನೇ ಕರೆದು ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ದೂರದವರಿಗೆ ಟಾವೆಲ್ಲು, ಟೊಪಗಿ. ಹತ್ತಿರದವರಿಗೆ ಧೋತರ. ಮೊದಲನೇ ಆಯೇರಿ ಮಾತ್ರ ಮದುಮಗನ ಸೋದರಮಾವನದು. ಅವನಿಗೆ ಜರಿ ಅಂಚಿನ ರುಮಾಲು, ಅದನ್ನು ಮದುಮಗನ ತಂದೆ ತನ್ನ ಕೈಯಾರೆ ಸುತ್ತಬೇಕು. ಮಾವ ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತು, ಹೊಸದು ಸುತ್ತಿಸಿಕೊಳ್ಳಲು ತನ್ನ ಹಳೇ ರುಮಾಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ನೆತ್ತಿ ಬೆಳ್ಳಗಿತ್ತು, ಹಣೆಯ ಮೇಲೆ ರುಮಾಲಿನ ಗೆರೆ ಎದ್ದಿತ್ತು. ನೋಡಬಾರದ್ದನ್ನು ನೋಡಿದಂತಾಗಿ ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಸುರಪುರದ ಒಬ್ಬ ದೊಡ್ಡ ಗುತ್ತಿಗೆದಾರ ತನ್ನ ಜನರ ಸಮೇತ ಒಳಗೆ ಬಂದ. ಕಾರ್ಡು ಕೊಟ್ಟಿದ್ದರೂ ಅವನು ಬರುತ್ತಾನೆಂದು ಅಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪನ ಎದೆ ಉಬ್ಬಿದ್ದನ್ನು ನಾನು ಕಣ್ಣಾರೆ ಕಂಡೆ. ಅವನನ್ನು ಸೀದಾ ವೇದಿಕೆಗೆ ಕರೆಸಿದ, ತಟ್ಟೆಯಲ್ಲಿದ್ದ ಜರಿ ರುಮಾಲನ್ನು ಎತ್ತಿದ, ಅವನ ತಲೆಗೆ ಸುತ್ತಿಬಿಟ್ಟ. ಮೈಕಿನವನು ಮೊದಲನೇ ಆಯೇರಿ ಎಂದು ಕೂಗಿದ. ಚಪ್ಪಾಳೆ ಬಿದ್ದವು. ಅವ್ವ ಓಡಿಹೋಗಿ ಅಪ್ಪನ ಅಂಗಿ ಜಗ್ಗಿ, ಅಣ್ಣ ಅಲ್ಲೇ ನಿಂತಿದ್ದಾನೆ ಎಂದು ಪಿಸುಗುಟ್ಟಿದಳು. ಅಪ್ಪನೂ ಪಿಸುಗುಟ್ಟಿದ. ಆದರೆ ಮೈಕು ಅವನ ಬಾಯಿಯ ಹತ್ತಿರವೇ ಇತ್ತು.

"ಅವ ನಮ್ಮವ. ಹಿಂದಾಗಡೆ ಕೊಟ್ರ ನಡೀತದ."

ಮಾತು ಮಂಟಪದ ನಾಲ್ಕೂ ಮೂಲೆಗೆ ಕೇಳಿಸಿತು. ಕೆಲವರು ನಕ್ಕರು. ಮರ್ಯಾದೆ ಉಳಿಸಲೆಂದು ನಮ್ಮ ಕಾಕಾ ಅವಸರದಲ್ಲಿ ಕೈಗೆ ಸಿಕ್ಕ ಒಂದು ಟಾವೆಲ್ಲನ್ನು ತಂದು ಮಾವನ ಹೆಗಲಿಗೆ ಹಾಕಿದ. ಉಳಿದಿದ್ದ ಮರ್ಯಾದೆಯೂ ಅಲ್ಲಿಗೆ ಹೋಯಿತು. ಮಾವ ಟಾವೆಲ್ಲನ್ನು ತೆಗೆದು ಮಡಚಿ ಮೆಟ್ಟಿಲ ಮೇಲಿಟ್ಟ. ತನ್ನ ಹಳೇ ರುಮಾಲನ್ನೂ ಮಡಚಿ ಅದರ ಮೇಲಿಟ್ಟ. ಉಣ್ಣದೆ ಹೊರಟುಹೋದ.

ನಾನು ಹಿಂದೆಯೇ ಓಡಿದೆ. ಅಪ್ಪನ ತಲೆ ತಿರುಗಿದೆ ಮಾವ, ಅವನಿಗೆ ದೊಡ್ಡವರನ್ನು ಕಂಡರೆ ಹೀಗೇ, ನಿನಗೆ ಗೊತ್ತಿಲ್ಲವೇ ಎಂದೆಲ್ಲ ಬಡಬಡಿಸಿದೆ. ಅವನು ನನ್ನ ತಲೆ ಸವರಿದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. ಬಸ್ಟ್ಯಾಂಡಿನ ಹತ್ತಿರ ಅವನ ಪರಿಚಯದವರೊಬ್ಬರು ಎದುರಾದರು. ಬಿಸಿಲಲ್ಲಿ ಹೊಳೆಯುತ್ತಿದ್ದ ಆ ಬಿಳಿ ನೆತ್ತಿಯನ್ನು ನೋಡಿ ಅವರು ಗಾಬರಿಯಾದರು.

"ಯಾಕ್ರಿ ಯಜಮಾನ್ರ, ಬರಿದಲಿಲೆ ಹೊಂಟೀರಿ? ಯಾರು ತೀರಿಕೊಂಡಾರ?"

ಮಾವ ಸ್ವಲ್ಪ ಯೋಚಿಸಿದ. "ಇನ್ನಾ ಇಲ್ಲ" ಅಂದ.

ನಾನು ಶಹಾಪುರದ ಒಂದು ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಗ್ರೀಕರ ಹಳೇ ಯುದ್ಧಕಾವ್ಯ, ಅವರ ದುರಂತ ನಾಟಕಗಳು ನನ್ನ ಪಾಲಿನ ಪಾಠ. ಆ ಹೆಸರುಗಳಿಗೆ ನಮ್ಮ ಮಕ್ಕಳ ನಾಲಿಗೆ ಹೊರಳುವುದಿಲ್ಲ. ಅದಕ್ಕೆ ಅವರೇ ಬೇರೆ ಹೆಸರು ಇಟ್ಟುಕೊಂಡಿದ್ದರು: ದೊಡ್ಡ ರಾಜ, ಸಿಟ್ಟಿನವ, ಮುದುಕ ರಾಜ. ಪರೀಕ್ಷೆಯಲ್ಲಿ ಹಾಗೇ ಬರೆದು ಬೈಸಿಕೊಂಡವರೂ ಇದ್ದಾರೆ. ಮದುವೆ ಮುಗಿಸಿ ಕಾಲೇಜಿಗೆ ಮರಳಿದ ವಾರ ಕಾವ್ಯದ ಮೊದಲ ಭಾಗ ಹೇಳುತ್ತಿದ್ದೆ. ಸೇನೆಯೆಲ್ಲ ಸೇರಿದ ಸಭೆಯಲ್ಲಿ ದೊಡ್ಡ ರಾಜ ಸಿಟ್ಟಿನವನಿಗೆ ಸಂದ ಮರ್ಯಾದೆಯನ್ನು ಕಿತ್ತುಕೊಳ್ಳುತ್ತಾನೆ. ಸಿಟ್ಟಿನವ ಡೇರೆಯೊಳಗೆ ಹೋಗಿ ಕೂತುಬಿಡುತ್ತಾನೆ. ಅವನ ಜೊತೆಯವರು ಹೊರಗೆ ಸಾಯುತ್ತಾರೆ, ಅವನು ಕೂತೇ ಇರುತ್ತಾನೆ. ಸಾಯಲಿ, ನಾನಿಲ್ಲದೆ ಏನಾಗುತ್ತದೆಂದು ಅವರಿಗೆ ತಿಳಿಯಲಿ ಎಂಬುದೇ ಅವನ ಹಟ.

ಬೇರೆ ವರ್ಷ ಈ ಭಾಗ ತಿಳಿಸಲು ನನಗೆ ಗಂಟಲು ಹರಿಯುತ್ತಿತ್ತು, ಒಂದು ಮರ್ಯಾದೆಗಾಗಿ ಇಷ್ಟೆಲ್ಲವೇ ಎಂದು ಮಕ್ಕಳು ಕೇಳುತ್ತಿದ್ದರು. ಆ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಆಯೇರಿ ತಪ್ಪಿಸಿದಂಗ ಆತಲ್ರಿ ಮೇಡಂ ಎಂದಳು. ತರಗತಿಯೆಲ್ಲ ಹೌದೆಂದು ತಲೆ ಆಡಿಸಿತು. ನಾನು ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ನಮ್ಮ ಗುಡ್ಡವನ್ನು ನೋಡುತ್ತ ನಿಂತೆ. ಅಷ್ಟು ಸರಿಯಾದ ಮಾತನ್ನು ಆ ಹೊತ್ತಿಗೆ ಕೇಳಲು ನನಗೆ ಮನಸ್ಸಿರಲಿಲ್ಲ.

ಮಾವ ಡೇರೆಯಲ್ಲಿ ಕೂಡಲಿಲ್ಲ, ಕೂತಿದ್ದರೆ ಚೆನ್ನಾಗಿತ್ತು. ಅವನು ಪ್ರತಿ ವಾರ ಕೆಂಭಾವಿಯ ಸಂತೆಗೆ ಬರತೊಡಗಿದ. ಅವನಿಗೆ ಅಲ್ಲಿ ಕೊಳ್ಳುವುದು, ಮಾರುವುದು ಏನೂ ಇರಲಿಲ್ಲ. ಸಂತೆಯ ದಿನ ಅಪ್ಪ ತಪ್ಪದೆ ಕೂಡುವ ಒಂದು ಚಹಾದಂಗಡಿ ಇದೆ. ಅದರ ಎದುರಿಗೆ, ರಸ್ತೆಯ ಆಚೆ ಒಂದು ಹಾಸುಗಲ್ಲು. ಪಕ್ಕದಲ್ಲೇ ಬೇವಿನ ಗಿಡದ ನೆರಳಿದ್ದರೂ ಮಾವ ಆ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಬರಿದಲೆಯಲ್ಲಿ ಅಪ್ಪನಿಗೆ ಮುಖ ಮಾಡಿ ಕೂಡುತ್ತಿದ್ದ. ಬೈಯುತ್ತಿರಲಿಲ್ಲ, ಕೈ ತೋರಿಸುತ್ತಿರಲಿಲ್ಲ. ಹೋಗುವವರು ಬರುವವರು ಯಾರು ತೀರಿಕೊಂಡರು ಎಂದು ಕೇಳಿದಾಗ ಇನ್ನಾ ಇಲ್ಲ ಎನ್ನುತ್ತಿದ್ದ. ಸಂಜೆ ಬಸ್ಸು ಹತ್ತಿ ಹೋಗುತ್ತಿದ್ದ.

ಕೆಲವೇ ವಾರಗಳಲ್ಲಿ ಸಂತೆಗೆಲ್ಲ ಅದೊಂದು ನೋಟವಾಯಿತು. ಚಹಾದಂಗಡಿಯ ಜನ ಅಪ್ಪನಿಗೆ, ಏಳು, ಹೋಗಿ ಒಂದು ರುಮಾಲು ಸುತ್ತಿ ಬಾ ಎಂದರು. ನಮ್ಮ ಬಂಧುಗಳೂ ಅದನ್ನೇ ಹೇಳಿದರು. ಗ್ರೀಕರ ನಾಟಕಗಳಲ್ಲಿ ಮೇಳ ಎಂದು ಒಂದು ಇರುತ್ತದೆ, ಊರಿನ ಹಿರಿಯರ ಗುಂಪು. ಕೆಟ್ಟದ್ದು ಬರುತ್ತಿದೆ ಎಂದು ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಬೇಡಪ್ಪಾ ಎಂದು ಹಾಡುತ್ತಾರೆ, ಆದರೆ ಯಾರೂ ಎದ್ದು ಹೋಗಿ ಕೈ ಹಿಡಿಯುವುದಿಲ್ಲ. ನಮ್ಮ ಬಂಧುಗಳು ಆ ಪಾತ್ರವನ್ನು ಚೆನ್ನಾಗಿ ಮಾಡಿದರು. ಅಪ್ಪ ಅವರಿಗೆಲ್ಲ ಒಂದೇ ಉತ್ತರ ಕೊಟ್ಟ. "ಕೂಡಲಿ ಬಿಡು. ಬಿಸಲ ತಾನ ಅವನ ತಲಿ ಸರಿ ಮಾಡ್ತದ."

ಇದೆಲ್ಲ ಬರೀ ಇಬ್ಬರು ಹಟಮಾರಿಗಳ ಆಟವಾಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆದರೆ ಅಕ್ಕ ಮಾವನ ಮನೆಯಲ್ಲಿದ್ದಳು, ಬಸುರಿಯಾಗಿದ್ದಳು. ಮದುವೆಯಾಗಿ ಬಹಳ ವರ್ಷದ ಮೇಲೆ ನಿಂತ ಬಸಿರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅವ್ವ ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದಳು, ಹಳೇ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿಟ್ಟಿದ್ದಳು. ಬಸುರಿಗೆ ಉಡಿ ತುಂಬುವ ಕುಬಸ ಮಾಡಿ ಕರೆತರಲು ಹೋದ ತಮ್ಮನನ್ನು ಮಾವ ಉಣ್ಣಿಸಿ, ಚಹಾ ಕುಡಿಸಿ, ಬರಿಗೈಯಲ್ಲಿ ಕಳಿಸಿದ. ನಿಮ್ಮಪ್ಪ ಅದೇ ಮಂಟಪದಲ್ಲಿ, ಅದೇ ಮೈಕಿನಲ್ಲಿ ಕರೆದು ನನಗೆ ರುಮಾಲು ಸುತ್ತಲಿ, ಅವತ್ತೇ ಅವಳು ತವರಿಗೆ ಬರುತ್ತಾಳೆ ಎಂದಿದ್ದ. ಅಪ್ಪ ಅದನ್ನು ಕೇಳಿ, ಮಗಳ ಮುಖ ನೋಡದಿದ್ದರೂ ಸರಿ, ಮೈಕಿನಲ್ಲಿ ಮೂಗು ತಿಕ್ಕುವುದಿಲ್ಲ ಎಂದ. ಅಕ್ಕ ಫೋನಿನಲ್ಲಿ ಏನೂ ಹೇಳುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಗಾಳಿ ಆಡುತ್ತದೆಯೇ, ಕಿಟಕಿ ತೆಗೆಸಿದ್ದೀರಾ ಎಂದು ಮಾತ್ರ ಕೇಳುತ್ತಿದ್ದಳು. ನನಗೆ ಇಬ್ಬರು ಗಂಡಸರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕಾಲುವೆಗೆ ದೂಡಬೇಕೆನಿಸುತ್ತಿತ್ತು.

ಆ ದಿನಗಳಲ್ಲೇ ತರಗತಿಯಲ್ಲಿ ಗಾಳಿಯ ಕತೆ ಬಂತು. ದೊಡ್ಡ ರಾಜನ ಹಡಗುಗಳು ಯುದ್ಧಕ್ಕೆ ಹೊರಟು ನಿಂತಿವೆ, ಗಾಳಿ ಇಲ್ಲ. ಮಗಳನ್ನು ಬಲಿ ಕೊಟ್ಟರೆ ಗಾಳಿ ಬೀಸುತ್ತದೆ ಎಂದು ಕಣಿಯವನು ಹೇಳುತ್ತಾನೆ. ರಾಜ ಮದುವೆ ಮಾಡುತ್ತೇನೆಂದು ಸುಳ್ಳು ಹೇಳಿ ಮಗಳನ್ನು ಕರೆಸಿ ಬಲಿ ಕೊಡುತ್ತಾನೆ. ಗಾಳಿ ಬೀಸುತ್ತದೆ. ಅವನು ಗೆದ್ದು ಮನೆಗೆ ಬಂದಾಗ ಹೆಂಡತಿ ಅವನನ್ನು ಬಚ್ಚಲಲ್ಲೇ ಕೊಲ್ಲುತ್ತಾಳೆ. ಆಮೇಲೆ ಮಗ ತಾಯಿಯನ್ನು ಕೊಲ್ಲುತ್ತಾನೆ. ರಾಜನ ಸಂಕಟದ ಬಗ್ಗೆ ನಾನು ಉದ್ದಕ್ಕೆ ಭಾಷಣ ಮಾಡಿದೆ, ಇತ್ತ ಮಗಳು, ಅತ್ತ ಸೇನೆ, ಅವನಿಗೆ ಬೇರೆ ದಾರಿ ಎಲ್ಲಿತ್ತು ಎಂದೆ. ಅದೇ ಹುಡುಗಿ ಎದ್ದು ನಿಂತಳು.

"ಗಾಳಿ ಬರಲಿಲ್ಲಂದ್ರ ಮನಿಗಿ ಹೋಗಬೇಕಿತ್ತಲ್ರಿ ಮೇಡಂ."

ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಅವ್ವ ನನ್ನ ಹಾಗೆ ಅಳುತ್ತ ಕೂಡುವವಳಲ್ಲ. ಅಪ್ಪನಿಗೆ ಹೇಳದೆ ಸುರಪುರಕ್ಕೆ ಹೋದಳು, ಜೊತೆಗೆ ನನ್ನನ್ನೂ ಕರೆದೊಯ್ದಳು. ಅಲ್ಲಿ ಮುಸಲ್ಮಾನ ಹಿರಿಯರೊಬ್ಬರ ಬಟ್ಟೆ ಅಂಗಡಿ ಇದೆ, ನಮ್ಮ ಮನೆಯ ಆಯೇರಿ ಬಟ್ಟೆಯೆಲ್ಲ ಅವರಲ್ಲಿಯೇ. ಅವ್ವ ಅಂಗಡಿಯವರ ಮುಂದೆ ಮನೆಯ ಸಂಗತಿ ಪೂರ್ತಿ ಹೇಳದೆ ಒಂದು ಕರವಸ್ತ್ರವನ್ನೂ ಕೊಂಡವಳಲ್ಲ. ಅವತ್ತೂ ಎಲ್ಲ ಹೇಳಿದಳು. ಮದುವೆಯಲ್ಲಿ ಕೊಟ್ಟಂಥದ್ದೇ ಜರಿ ರುಮಾಲನ್ನು ಹುಡುಕಿ ತೆಗೆದು ಅವರು ಮಡಚಿ ಕೊಟ್ಟರು. ಕೊಡುವಾಗ, ತಡಾ ಮಾಡಬ್ಯಾಡ್ರಿ ಅಮ್ಮಾ, ಬಿಸಲ ದಿನ ಬರಾಕತ್ತಾವ ಎಂದರು.

ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವ್ವ ಅಣ್ಣನ ಮನೆಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಅವ್ವ ಮಾವನ ಕಾಲು ಹಿಡಿದಳು. ಅವರು ಸುತ್ತುವುದಿಲ್ಲ, ನನ್ನ ಕೈಯಿಂದಲೇ ಇಸಿದುಕೋ, ನನ್ನ ಮಗಳನ್ನು ಕಳಿಸಿಕೊಡು ಎಂದಳು. ಮಾವ ಅವಳನ್ನು ಎಬ್ಬಿಸಿ ಪಕ್ಕದಲ್ಲಿ ಕೂಡಿಸಿಕೊಂಡ. ಅವನ ನೆತ್ತಿ ಸುಟ್ಟು ಕರ್ರಗಾಗಿತ್ತು, ಹಣೆಯ ಗೆರೆ ಅಳಿಸಿಹೋಗಿತ್ತು. ಅವನ ಕಣ್ಣಲ್ಲೂ ನೀರಿತ್ತು. ಆದರೆ ತಪ್ಪು ನಿನ್ನದಲ್ಲವ್ವ, ನೀನು ತಂದರೆ ಹೇಗೆ ಇಸಿದುಕೊಳ್ಳಲಿ ಎಂದು ರುಮಾಲನ್ನು ಅವಳ ಉಡಿಯಲ್ಲೇ ತಿರುಗಿ ಇಟ್ಟ. ಅಕ್ಕ ಒಳಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅವ್ವ ಆ ರುಮಾಲನ್ನು ತಂದು ಟ್ರಂಕಿನ ತಳದಲ್ಲಿ ಇಟ್ಟಳು.

ಬಿಸಿಲ ದಿನ ಬಂದವು. ಯಾದಗಿರಿ ಕಡೆಯ ಬೇಸಿಗೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ನಾಯಿ ಕೂಡ ಓಣಿಗೆ ಇಳಿಯುವುದಿಲ್ಲ. ಸಂತೆ ಬೆಳಿಗ್ಗೆಯೇ ಕೂಡಿ ಬೆಳಿಗ್ಗೆಯೇ ಕರಗುತ್ತಿತ್ತು, ಮಾವ ಮಾತ್ರ ಸಂಜೆಯವರೆಗೂ ಕಲ್ಲು ಬಿಡುತ್ತಿರಲಿಲ್ಲ. ಅಪ್ಪನೂ ಅಂಗಡಿ ಬಿಡುತ್ತಿರಲಿಲ್ಲ. ಮೊದಲು ಎದ್ದವನು ಸೋತಂತೆ ಎಂದು ಇಬ್ಬರೂ ಎಣಿಸಿದ್ದರೆಂದು ಕಾಣುತ್ತದೆ. ಮುಂದಿನದನ್ನು ಚಹಾದಂಗಡಿಯವನೇ ನನಗೆ ಹೇಳಿದ. ಒಂದು ಸಂತೆಯ ದಿನ ಮಧ್ಯಾಹ್ನ ಮಾವ ಕೂತಲ್ಲೇ ಒಂದು ಕಡೆಗೆ ವಾಲಿದನಂತೆ, ಆಮೇಲೆ ಕಲ್ಲಿನಿಂದ ಕೆಳಗೆ ಜಾರಿದನಂತೆ. ಅಪ್ಪ ಬಟ್ಟಲು ಹಿಡಿದು ನೋಡುತ್ತಲೇ ಇದ್ದ. ನಾಟಕ ಮಾಡಾಕತ್ತಾನ ಎಂದನಂತೆ. ಉಳಿದ ಚಹಾ ಕುಡಿದನಂತೆ. ಓಡಿಹೋಗಿ ಮಾವನನ್ನು ಎತ್ತಿದವರು ಬೇರೆ ಊರಿನ ಮೆಣಸಿನಕಾಯಿ ವ್ಯಾಪಾರದವರು. ಅವರು ಮುಖಕ್ಕೆ ನೀರು ಹೊಡೆದು, ಟಂಟಂ ಆಟೋದಲ್ಲಿ ಹಾಕಿ ಸುರಪುರಕ್ಕೆ ಒಯ್ದರು. ಅಲ್ಲಿಂದ ಯಾದಗಿರಿಗೆ ಕಳಿಸುವ ತಯಾರಿ ನಡೆದಾಗ ಜೀವ ಹೋಯಿತು.

ಅಪ್ಪ ಮಣ್ಣಿಗೆ ಹೋಗಲಿಲ್ಲ. ಹೋಗುವ ಮುಖ ಅವನಿಗಿರಲಿಲ್ಲ. ನಾವೆಲ್ಲ ಹೋಗಿಬಂದ ಮೇಲೂ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವ್ವ ಅವನ ಜೊತೆ ಮಾತಾಡುವುದನ್ನು ನಿಲ್ಲಿಸಿದಳು. ತಟ್ಟೆ ತಂದು ಅವನ ಮುಂದಿಟ್ಟು ಎದ್ದು ಹೋಗುತ್ತಿದ್ದಳು, ಅವನು ಉಂಡನೋ ಇಲ್ಲವೋ ತಿರುಗಿ ನೋಡುತ್ತಿರಲಿಲ್ಲ.

ದಿನಕಾರ್ಯದ ಬೆಳಿಗ್ಗೆ ಅಪ್ಪ ತಾನಾಗಿ ಎದ್ದು ಮೈ ತೊಳೆದುಕೊಂಡ. ಮಾವನ ಮಗನಿಗೆ, ಅಂದರೆ ನಮ್ಮ ಭಾವನಿಗೆ ಹೆಣ್ಣು ಕೊಟ್ಟವನು ಅಪ್ಪ, ರುಮಾಲು ಸುತ್ತಬೇಕಾದವನೂ ಅವನೇ. ಹೋಗುತ್ತೇನೆ, ನಾನೇ ಸುತ್ತುತ್ತೇನೆ, ಅವರ ಕಾಲಿಗೂ ಬೀಳುತ್ತೇನೆ, ಮಗಳನ್ನು ಕರೆದುಕೊಂಡೇ ಬರುತ್ತೇನೆ ಎಂದ. ನನಗೆ ಕಾವ್ಯದ ಕೊನೆ ನೆನಪಾಯಿತು. ಮುದುಕ ರಾಜ ಒಬ್ಬನೇ ಶತ್ರುವಿನ ಡೇರೆಗೆ ಹೋಗಿ, ತನ್ನ ಮಗನನ್ನು ಕೊಂದ ಕೈಗೆ ಮುತ್ತಿಟ್ಟು ಮಗನ ಹೆಣ ಕೇಳುತ್ತಾನೆ. ಸಿಟ್ಟಿನವ ಕರಗುತ್ತಾನೆ, ಇಬ್ಬರೂ ಕೂಡಿ ಅಳುತ್ತಾರೆ. ಇಲ್ಲಿಯೂ ಹಾಗಾಗಬಹುದೆಂದು ನಾನು ಆಸೆಪಟ್ಟೆ. ಇಲ್ಲಿ ಹೊರಟವನು ಸತ್ತವನ ಕಡೆಯವನಲ್ಲ, ಸಾವಿಗೆ ಕಾರಣನಾದವನೇ ಎಂಬುದು ಆ ಆಸೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ನಾವು ಬಾಡಿಗೆ ಜೀಪಿನಲ್ಲಿ ಹೋದೆವು. ಅಕ್ಕ ಚೀಲ ಕಟ್ಟಿಕೊಂಡು ಒಳಬಾಗಿಲ ಹತ್ತಿರ ಇಟ್ಟಿದ್ದಳು, ಅದನ್ನು ಕಂಡು ಅವ್ವನ ಮುಖ ಸ್ವಲ್ಪ ಬೆಳಗಿತು. ಅಂಗಳದ ತುಂಬ ಜನ. ಭಾವನನ್ನು ಮಣೆಯ ಮೇಲೆ ಕೂಡಿಸಿದ್ದರು. ಭಾವ ಮೆತ್ತಗಿನ ಮನುಷ್ಯ, ಹುಣಸಗಿಯಲ್ಲಿ ಗುಮಾಸ್ತ. ತನ್ನಪ್ಪನ ಮುಂದೆ ಅವನ ದನಿ ಎದ್ದದ್ದನ್ನು ಯಾರೂ ಕೇಳಿರಲಿಲ್ಲ. ಹಿರಿಯರು ಕರೆದಾಗ ಅಪ್ಪ ಮುಂದೆ ಹೋಗಿ, ಎದೆಗವಚಿಕೊಂಡಿದ್ದ ಗಂಟು ಬಿಚ್ಚಿದ. ಬಿಳಿ ರುಮಾಲು ತರಬೇಕಾದಲ್ಲಿ ಅಪ್ಪ ಟ್ರಂಕಿನ ತಳದಿಂದ ಆ ಜರಿ ರುಮಾಲನ್ನು ತೆಗೆದು ತಂದಿದ್ದ. ಅದು ಅಲ್ಲಿರುವುದು ಅವನಿಗೆ ಯಾವಾಗಲೋ ಗೊತ್ತಾಗಿತ್ತು. ಕೊಡದೆ ಉಳಿದದ್ದನ್ನು ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಪಾಪ ಅವನ ಲೆಕ್ಕ. ಸತ್ತವರ ಮನೆಯ ಅಂಗಳದಲ್ಲಿ ಮದುವೆಯ ಜರಿ ಹೊಳೆಯಿತು.

ಭಾವ ಮಣೆಯಿಂದ ಎದ್ದು ನಿಂತ. ದನಿ ಏರಿಸಲಿಲ್ಲ.

"ಮಾಮಾ, ಇದು ನಮ್ಮಪ್ಪಗ ತಂದದ್ದೋ, ನನಗ ತಂದದ್ದೋ?"

ಅಪ್ಪ ರುಮಾಲನ್ನು ಅವನ ಕಡೆಗೆ ಇನ್ನಷ್ಟು ಚಾಚಿದ.

"ಅಪ್ಪಗ ತಂದಿದ್ರ ತಡಾ ಆತು. ನನಗ ತಂದಿದ್ರ" ಎಂದು ಭಾವ ಸ್ವಲ್ಪ ನಿಂತ, ಮಾವನ ಹಾಗೆಯೇ ಯೋಚಿಸಿದ. "ಇನ್ನಾ ಇಲ್ಲ."

ಅವನು ತಿರುಗಿ ಹಿತ್ತಲ ಕಡೆ ಹೋದ. ಅಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ತುಂಬಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿ, ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು. ನಾವು ಅಲ್ಲಿ ಉಣ್ಣಲಿಲ್ಲ, ಉಣ್ಣಿರಿ ಎಂದು ಯಾರೂ ಹೇಳಲೂ ಇಲ್ಲ.

ಮುಂದಿನ ವಾರ ಆ ಕೊನೆಯ ಭಾಗದ ಪಾಠವಿತ್ತು. ಮುದುಕ ರಾಜ ಮಗನ ಹೆಣ ಒಯ್ಯುತ್ತಾನೆ, ಸೂತಕದ ದಿನ ಮುಗಿಯುವವರೆಗೆ ಎರಡೂ ಕಡೆಯವರು ಆಯುಧ ಮುಟ್ಟುವುದಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿದೆ. ದಿನ ಮುಗಿದ ಮೇಲೆ ಏನಾಯಿತು ಎಂದು ಮಕ್ಕಳು ಕೇಳಿದರು. ಮತ್ತೆ ಯುದ್ಧ ಎಂದೆ.

ಅಕ್ಕ ಯಾದಗಿರಿಯ ಆಸ್ಪತ್ರೆಯಲ್ಲಿ ಹೆತ್ತಳು, ಗಂಡು ಕೂಸು. ನಮಗೆ ಬೇರೆಯವರಿಂದ ತಿಳಿಯಿತು. ಅವ್ವ ಬಾಣಂತಿ ಕೋಣೆಯ ಕಿಟಕಿ ಮುಚ್ಚಿದಳು, ಮೊಮ್ಮಗನ ಮುಖ ಅವಳು ಇನ್ನೂ ನೋಡಿಲ್ಲ. ಭಾವ ದಿನಾಲು ಕೆಲಸಕ್ಕೆ ಹೋಗುತ್ತಾನೆ, ಯಾರ ಜೊತೆಗೂ ಜಗಳವಿಲ್ಲ. ನನಗೆ ಅವನದೇ ಭಯ. ಮಾವನ ಸಿಟ್ಟು ಅವನ ತಲೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಭಾವನ ವಾರಿಗೆಯವರ ತಲೆ ಯಾವಾಗಲೂ ಬರಿದೇ, ನೋಡಿ ಏನು ತಿಳಿಯಬೇಕು?

ದಿನಕಾರ್ಯದಿಂದ ಮರಳುವಾಗ ಜೀಪಿನಲ್ಲಿ ಬಿಚ್ಚಿದ ತನ್ನ ರುಮಾಲನ್ನು ಅಪ್ಪ ಮತ್ತೆ ಸುತ್ತಿಲ್ಲ. ಸಂತೆಯ ದಿನ ತಪ್ಪದೆ ಕೆಂಭಾವಿಗೆ ಹೋಗುತ್ತಾನೆ, ಆದರೆ ಚಹಾದಂಗಡಿಯೊಳಗೆ ಕಾಲಿಡುವುದಿಲ್ಲ. ರಸ್ತೆಯ ಆಚೆ, ಆ ಹಾಸುಗಲ್ಲಿನ ಮೇಲೆ ಬಿಸಿಲಿಗೆ ತಲೆಯೊಡ್ಡಿ ಕೂಡುತ್ತಾನೆ. ನೆರಳಿಗೆ ಕರೆದುಕೊಂಡು ಬರಲು ನಾನೂ ಒಮ್ಮೆ ಹೋಗಿದ್ದೆ, ನನ್ನ ಕೈ ಕೊಡವಿದ. ಅಷ್ಟರಲ್ಲಿ ಪರ ಊರಿನವನೊಬ್ಬ ನಿಂತು, ಯಾರು ತೀರಿಕೊಂಡಾರ್ರಿ ಎಂದು ಕೇಳಿದ.

"ನಮ್ಮವ" ಅಂದ ಅಪ್ಪ.

ಈ ವರ್ಷದ ಬಿಸಿಲು ಈಗಷ್ಟೇ ಶುರುವಾಗಿದೆ.